ಹದಿನೇಳು ರೈಟು

ಶಿವಗಂಗಾಳ ಕಾಲೇಜಿನಲ್ಲಿ ಗಣಿತ ಹೇಳಿಕೊಡುವವರೇ ಇರಲಿಲ್ಲ. ಜೂನ್‌ನಲ್ಲಿ ಬಂದ ಮಾಸ್ತರು ಜುಲೈನಲ್ಲಿ ಬೇರೆ ಊರಿಗೆ ಹೋದರು, ಆಮೇಲೆ ಬರುತ್ತೇನೆಂದವರು ಬರಲೇ ಇಲ್ಲ. ಹೀಗಾಗಿ ಗಬ್ಬೂರಿನಿಂದ ದೇವದುರ್ಗಕ್ಕೆ ದಿನಾ ಒಟ್ಟಿಗೆ ಹೋಗಿಬರುವ ಶಿವಗಂಗಾ ಮತ್ತು ಯಶೋಧಾ ಒಬ್ಬರಿಗೊಬ್ಬರು ಮಾಸ್ತರರಾದರು. ಬಸ್ಸು ನಿಲ್ಲುವ ಮೊದಲೇ ಶಿವಗಂಗಾ ಕಿಟಕಿಯಿಂದ ಇಬ್ಬರ ಬ್ಯಾಗನ್ನೂ ಒಳಗೆಸೆದು ಸೀಟು ಹಿಡಿಯುವಳು. ಕೂತ ಕೂಡಲೇ ನೋಟ್‌ಬುಕ್ಕು ಅದಲುಬದಲು. ಕೆಂಪು ಪೆನ್ನಿನಿಂದ ಸರಿಗೆ ರೈಟು, ತಪ್ಪಿಗೆ ಸುತ್ತು. ತಪ್ಪು ಸಿಕ್ಕವರು ಬಸ್‌ಸ್ಟ್ಯಾಂಡಿನ ಅಮೀರ್ ಸಾಬ್‌ರ ಬಂಡಿಯಲ್ಲಿ ಮಿರ್ಚಿ ಭಜಿ ಕೊಡಿಸಬೇಕು. ಕಾನೂನು ಅಂದರೆ ಕಾನೂನು.

ರಾಯಚೂರಿನ ಟ್ರಸ್ಟೊಂದು ಎರಡು ವರ್ಷ ಹಾಸ್ಟೆಲ್ ಸಮೇತ ಪುಕ್ಕಟೆ ಕೋಚಿಂಗ್ ಕೊಡುತ್ತಿತ್ತು. ತಾಲ್ಲೂಕಿಗೆ ಒಬ್ಬಳೇ ಹುಡುಗಿ. ಶಿವಗಂಗಾಳಿಗೋ ಇಂಜಿನಿಯರ್ ಆಗುವ ಹುಚ್ಚು.

"ಸೀಟು ಸಿಕ್ರ ಹೋಗವ್ವಾ. ಇಲ್ಲಾಂದ್ರ ಆರ್ಟ್ಸ್‌ಗೆ ಬದಲಿ ಮಾಡ್ಕೋ. ಮಾಸ್ತರ ಇಲ್ದ ಸೈನ್ಸ್ ಹೆಂಗ ಓದ್ತೀ?" ಎಂದು ಅಪ್ಪ ಹಂಪಣ್ಣ ಖಡಾಖಂಡಿತ ಹೇಳಿಬಿಟ್ಟಿದ್ದ.

ಆ ಸೀಟಿಗಾಗಿ ನವೆಂಬರ್‌ನಲ್ಲಿ ನಡೆದ ಪರೀಕ್ಷೆಯಲ್ಲಿ ಕಡೆಯ ಲೆಕ್ಕ: sin 2x = sin x, ಸೊನ್ನೆಯಿಂದ 360 ಡಿಗ್ರಿಯೊಳಗೆ x ಎಷ್ಟು? ಶಿವಗಂಗಾಳಿಗೆ ನಗು ಬಂತು. ಇಂಥವನ್ನು ಅವಳು ನಿದ್ದೆಗಣ್ಣಿನಲ್ಲೂ ಬಿಡಿಸುವಳು. ಸೂತ್ರ ಹಾಕಿ sin 2x ಇದ್ದಲ್ಲಿ 2 sin x cos x ಬರೆದಳು, ಎರಡೂ ಕಡೆಯ sin x ಹೊಡೆದುಹಾಕಿದಳು, cos x ಅರ್ಧ ಎಂದು ಬಂತು. ಉತ್ತರ 60, 300 ಎಂದು ಬರೆದು ಕೈಕಟ್ಟಿ ಕೂತಳು.

ಸೀಟು ಯಶೋಧಾಗೆ ಹೋಯಿತು. ಶಿವಗಂಗಾಳಿಗೆ ಎರಡೇ ಅಂಕ ಕಡಿಮೆ. ಸಂಕಟವಾದರೂ, ಗೆಳತಿಗೇ ತಾನೇ ಸಿಕ್ಕಿದ್ದು ಎಂದು ಅವಳ ಬಾಯಿಗೆ ಸಕ್ಕರೆ ಹಾಕಿದವಳು ಇವಳೇ. ಪಾಪ, ಹುಚ್ಚು ಹುಡುಗಿ!

ಮೂರು ದಿನದ ಮೇಲೆ, ಎಂದಿನಂತೆ ಎರಡೂ ಬ್ಯಾಗು ಎಸೆದಾಗ ಯಶೋಧಾಳ ಬ್ಯಾಗಿನ ಜಿಪ್ಪು ಬಿಚ್ಚಿತ್ತು. ಮೊದಲು ಹತ್ತಿದ ಶಿವಗಂಗಾ ಚೆಲ್ಲಿದ್ದನ್ನೆಲ್ಲ ಆರಿಸತೊಡಗಿದಳು. ಅದರಲ್ಲಿ ಅವಳು ಎಂದೂ ನೋಡದ ಒಂದು ನೋಟ್‌ಬುಕ್ಕು. ಮೇಲೆ "ಮಾನ್ವಿ ಟ್ಯೂಷನ್" ಎಂದಿತ್ತು. ದಸರೆ ರಜೆಗೆ ಯಶೋಧಾ ಮಾನ್ವಿಯ ಚಿಕ್ಕಮ್ಮನ ಮನೆಗೆ ಹೋಗಿದ್ದಳು. ತಿಂದದ್ದು, ತಿರುಗಿದ್ದು ಎಲ್ಲ ಹೇಳಿದ್ದಳು. ಟ್ಯೂಷನ್ ಸುದ್ದಿ ಮಾತ್ರ ಎತ್ತಿರಲಿಲ್ಲ.

ತೆರೆದ ಪುಟದಲ್ಲಿ ಅದೇ ಲೆಕ್ಕ. ಕೆಳಗೆ ಯಶೋಧಾಳ ದುಂಡನೆಯ ಅಕ್ಷರ: "sin x ಹೊಡೆಯಬಾರದು. ಅದು ಸೊನ್ನೆಯೂ ಆಗಿರಬಹುದು. ಹೊಡೆದರೆ 0, 180 ಎರಡೂ ಉತ್ತರ ಹೋಗುತ್ತವೆ. ಎಡಕ್ಕೆ ತಂದು ಕಾಮನ್ ತೆಗೆಯಬೇಕು." ತಾರೀಖು ಅಕ್ಟೋಬರ್ ನಾಲ್ಕು.

ಶಿವಗಂಗಾ ತನ್ನ ನೋಟ್‌ಬುಕ್ಕು ತೆಗೆದಳು. ಅಕ್ಟೋಬರ್ ನಾಲ್ಕರ ಈಚೆಗೆ ಅವಳು ಹೀಗೆ ಹೊಡೆದುಹಾಕಿ ಬಿಡಿಸಿದ ಲೆಕ್ಕ ಹದಿನೇಳು. ಹದಿನೇಳಕ್ಕೂ ಕೆಂಪು ರೈಟು! ಒಂದರ ಪಕ್ಕದಲ್ಲಿ "ಭೇಷ್" ಎಂದೂ ಇತ್ತು. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ಕೆಲಸ ಮುಗಿದಿತ್ತು. ಪರೀಕ್ಷೆ ಕೈಕೊಟ್ಟಿದ್ದರೆ ಶಿವಗಂಗಾ ಸಹಿಸುತ್ತಿದ್ದಳು, ಕೈಕೊಟ್ಟವಳು ಗೆಳತಿ.

ಯಶೋಧಾ ಪಕ್ಕದಲ್ಲಿ ಬಂದು ಕೂತಳು. ಎರಡೂ ಪುಟ ನೋಡಿ ಮುಖ ಸಣ್ಣದಾಯಿತು.

"ನಾ ಏನೂ ತಪ್ಪು ಹೇಳಿಕೊಟ್ಟಿಲ್ಲಲ್ಲ," ಎಂದಳು. "ನೀ ಬರೆದ ಎರಡೂ ಉತ್ತರ ಖರೇನ ಇದ್ವು. ಅದಕ್ಕ ರೈಟು ಹಾಕೀನಿ."

"ಉಳಿದ ಎರಡು?"

"ನೀ ನನಗಿಂತ ಶಾಣೇಕಿ ಅದೀ ಶಿವಗಂಗಾ. ಹೇಳಿಬಿಟ್ಟಿದ್ರ ನನಗೆಲ್ಲಿ ಸಿಗ್ತಿತ್ತು ಸೀಟು?"

ಶಿವಗಂಗಾ ಕಿಟಕಿಯ ಕಡೆ ತಿರುಗಿದಳು. ದೇವದುರ್ಗ ಬರುವವರೆಗೂ ಅತ್ತಳು, ಸದ್ದಿಲ್ಲದೆ.

ಯಶೋಧಾ ರಾಯಚೂರಿಗೆ ಹೊರಡುವ ಹಿಂದಿನ ದಿನ, ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಶಿವಗಂಗಾಳ ಎದುರು ಬಂದು ನಿಂತಳು. ಕೋಚಿಂಗಿನವರು ಮೊದಲ ದಿನಕ್ಕೇ ಲೆಕ್ಕ ಕೊಟ್ಟಿದ್ದರು, ತೋರಿಸಲು ಬೇರೆ ಯಾರೂ ಇರಲಿಲ್ಲ.

"ಒಂದಷ್ಟು ನೋಡ್ತೀಯೇನ?" ಎಂದಳು, ತಲೆ ತಗ್ಗಿಸಿ.

sin x + cos x = 1. ಯಶೋಧಾ ಎರಡೂ ಕಡೆ ವರ್ಗ ಮಾಡಿ, ಸೂತ್ರ ಹಾಕಿ, 0, 90, 180, 270 ಎಂದು ನಾಲ್ಕು ಉತ್ತರ ತಂದಿದ್ದಳು. ಶಿವಗಂಗಾ ಒಂದೊಂದನ್ನೂ ಮೂಲ ಲೆಕ್ಕಕ್ಕೆ ಹಾಕಿ ನೋಡಿದಳು. 180ಕ್ಕೆ ಒಂದರ ಬದಲು ಮೈನಸ್ ಒಂದು ಬಂತು. 270ಕ್ಕೂ ಅಷ್ಟೇ. ಕೆಂಪು ಪೆನ್ನು ಕೈಯಲ್ಲೇ ಇತ್ತು. ಒಂದು ರೈಟು ಎಳೆದಿದ್ದರೆ ನಾಳೆ ರಾಯಚೂರಿನಲ್ಲಿ ಎಲ್ಲರ ಮುಂದೆ ಯಶೋಧಾಳ ಮಾನ ಹೋಗುತ್ತಿತ್ತು. ಎಳೆಯಬೇಕೆಂದು ಅವಳಿಗೆ ಎಷ್ಟು ಅನಿಸಿತೆಂದರೆ ಪೆನ್ನಿನ ಮೊನೆಯನ್ನು 180ರ ಪಕ್ಕಕ್ಕೆ ಇಟ್ಟೂಬಿಟ್ಟಳು.

"ವರ್ಗ ಮಾಡಿದ ಮ್ಯಾಲ ಸುಳ್ಳ ಉತ್ತರನೂ ಬಂದು ಕೂಡ್ತಾವ. ಹಾಕಿ ನೋಡಬೇಕು," ಎಂದು 180ಕ್ಕೂ 270ಕ್ಕೂ ಸುತ್ತು ಹಾಕಿ ಕೊಟ್ಟಳು.

ಯಶೋಧಾ ಓಡಿಹೋಗಿ ಬಿಸಿ ಮಿರ್ಚಿ ಕಟ್ಟಿಸಿಕೊಂಡು ಬಂದಳು. ಶಿವಗಂಗಾ ಮುಟ್ಟಲಿಲ್ಲ. ಅಷ್ಟರಲ್ಲಿ ಗಬ್ಬೂರಿನ ಬಸ್ಸು ಬಂತು. ಯಶೋಧಾ ರೂಢಿಯಂತೆ ತನ್ನ ಬ್ಯಾಗನ್ನು ಇವಳ ಕಡೆ ಚಾಚಿದಳು.

ಶಿವಗಂಗಾ ತನ್ನ ಬ್ಯಾಗನ್ನಷ್ಟೇ ಕಿಟಕಿಯಿಂದ ಒಳಗೆಸೆದು, ಬಾಗಿಲ ಕಡೆ ನಡೆದಳು.