ಓದಿ ಹೇಳುವ ಕೆಲಸ

“ಅಣ್ಣ, ಓದ್ತೀರಾ? ನೀವು ಸರಿ ಅಂದ್ರೆ ಒತ್ತಿಬಿಡ್ತೀನಿ,” ಎಂದು ಚಿಕ್ಕಳಿಯ ಕೀಲಿಮಣೆಯ ಮೇಲೆ ಬೆರಳಿಟ್ಟುಕೊಂಡು ಕೂತ.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ನೆಟ್‌ವರ್ಕ್ ಯಂತ್ರಗಳ ಆ ತಣ್ಣನೆಯ ಕೋಣೆಯಲ್ಲಿ ಅದೇ ಪದ್ಧತಿ. ಒಬ್ಬ ಬರೆಯಬೇಕು, ಇನ್ನೊಬ್ಬ ಓದಿ ‘ಸರಿ’ ಅನ್ನಬೇಕು. ಹದಿನೇಳು ವರ್ಷದಿಂದ ಓದುತ್ತ ಬಂದವನು ದೊಡ್ಡಳಿಯ. ಹೆಂಡತಿಯ ತಂಗಿಯ ಗಂಡನಾದ ಈ ಪುಣ್ಯಾತ್ಮನನ್ನು ಕೆಲಸಕ್ಕೆ ಸೇರಿಸಿದವನೂ ಅವನೇ. ಈಗ ನೋಡಿದರೆ ಮಾವನ ಮನೆಯಲ್ಲಿ ಮಾತೆತ್ತಿದರೆ ಚಿಕ್ಕಳಿಯ. ಮುಂದಿನ ತಿಂಗಳು ತೆರವಾಗುವ ಮುಖ್ಯಸ್ಥನ ಕುರ್ಚಿಗೂ ಚಿಕ್ಕಳಿಯನದೇ ಹೆಸರು. ಹೊಟ್ಟೆ ಉರಿಯದೆ ಇನ್ನೇನಾದೀತು?

ದೊಡ್ಡಳಿಯ ಬಗ್ಗಿ ಓದಿದ. ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ಬಿಡಬಾರದು ಎಂಬ ನಲವತ್ತು ಸಾಲಿನ ಪಟ್ಟಿ. ‘ಎಲ್ಲವನ್ನೂ ತಡೆ’ ಎಂಬ ಸಾಲು ಕೊನೆಯಲ್ಲಿರಬೇಕು. ಚಿಕ್ಕಳಿಯ ಅದನ್ನು ಪಟ್ಟಿಯ ತಲೆಯ ಮೇಲೇ ಕೂರಿಸಿದ್ದ. ಯಂತ್ರ ಮೇಲಿನಿಂದ ಓದುತ್ತ ಬರುವುದರಿಂದ ಇನ್ನು ಏನನ್ನೂ ಒಳಗೆ ಬಿಡುವಂತಿರಲಿಲ್ಲ. ದೊಡ್ಡಳಿಯನ ಕಣ್ಣು ಅಲ್ಲಿ ನಿಂತಿತು.

“ಸರಿ,” ಎಂದ. ಚಿಕ್ಕಳಿಯ ಒತ್ತಿದ.

ಒಂದು ಕೆಟ್ಟರೆ ಇನ್ನೊಂದು ಕೆಲಸ ಮಾಡಲಿ ಎಂದು ಇಟ್ಟ ಜೋಡಿ ಯಂತ್ರಗಳು ಅವು. ಆದರೆ ಕೆಟ್ಟದ್ದು ಯಂತ್ರವಲ್ಲ, ಅದಕ್ಕೆ ಹೇಳಿಕೊಟ್ಟ ಮಾತು. ಮೊದಲನೆಯದು ಕಲಿತದ್ದನ್ನು ಎರಡನೆಯದು ಎರಡೇ ಸೆಕೆಂಡಿನಲ್ಲಿ ನಕಲು ಮಾಡಿಕೊಂಡಿತು. ಪರದೆಯ ಮೇಲೆ ವಾರ್ಡುಗಳು ಸಂಪರ್ಕ ಕಡಿದು ಒಂದೊಂದಾಗಿ ಕೆಂಪಾದವು. ಹೊಸ ಪಟ್ಟಿಯನ್ನು ಹತ್ತು ನಿಮಿಷದೊಳಗೆ ಯಾರೂ ಖಾತ್ರಿಪಡಿಸದಿದ್ದರೆ ಜೋಡಿ ತಾನಾಗಿ ಹಳೆಯ ಪಟ್ಟಿಗೆ ಮರಳುತ್ತದೆ. ಆ ಏರ್ಪಾಡು ಮಾಡಿಟ್ಟವನು ದೊಡ್ಡಳಿಯನೇ. ಚಿಕ್ಕಳಿಯ ಹತ್ತು ನಿಮಿಷ ಬೆವರಲಿ, ಕೆಟ್ಟ ಹೆಸರು ಬರಲಿ, ಯಾರ ಗಂಟೇನು ಹೋಗುತ್ತದೆ ಎಂದುಕೊಂಡಿದ್ದ.

ಎರಡನೆಯ ನಿಮಿಷಕ್ಕೆ ನರ್ಸ್ ಏದುಸಿರು ಬಿಡುತ್ತ ಇಳಿದು ಬಂದಳು.

“ರಕ್ತದ ರಿಪೋರ್ಟ್ ತೆರೀತಿಲ್ಲ. ಪೇಷೆಂಟ್ ಟೇಬಲ್ ಮೇಲಿದಾರೆ, ಡಾಕ್ಟ್ರು ಕತ್ತರಿ ಹಿಡ್ಕೊಂಡು ನಿಂತಿದಾರೆ. ಎಷ್ಟು ಹೊತ್ತು?”

ಲ್ಯಾಬಿನಿಂದ ಕೈಯಲ್ಲೇ ತರುತ್ತೇನೆಂದು ಚಿಕ್ಕಳಿಯ ಮೆಟ್ಟಿಲ ಕಡೆ ಓಡಿದ. ಇನ್ನು ಹತ್ತು ನಿಮಿಷ ಕಾಯುವ ಹಾಗಿರಲಿಲ್ಲ. ಕೆಟ್ಟ ಪಟ್ಟಿ ಮತ್ತೆ ದಾಟಿ ಬರದಿರಲೆಂದು ದೊಡ್ಡಳಿಯ ಮೊದಲು ಎರಡನೆಯ ಯಂತ್ರವನ್ನು ಆಫ್ ಮಾಡಿದ. ಮೊದಲನೆಯದಕ್ಕೆ ನೇರವಾಗಿ ತಂತಿ ಚುಚ್ಚಿ, ಎರಡು ಸಲ ತಪ್ಪು ಟೈಪು ಮಾಡಿ, ಮೂರನೆಯ ಸಲ ಹಳೆಯ ಪಟ್ಟಿಯನ್ನು ಮರಳಿಸಿದ. ನಾಲ್ಕನೆಯ ನಿಮಿಷಕ್ಕೆ ವಾರ್ಡುಗಳು ಹಸಿರಾದವು. ಎರಡನೆಯದರ ತಲೆಯಲ್ಲಿದ್ದುದನ್ನೆಲ್ಲ ಅಳಿಸಿ, ಮತ್ತೆ ಜೊತೆಗೆ ಸೇರಿಸಿ, ಮೊದಲನೆಯದರಿಂದಲೇ ಕಲಿಯಲು ಬಿಟ್ಟ. ಟೇಬಲ್ ಮೇಲಿದ್ದ ಜೀವವೂ ಉಳಿಯಿತು.

ಮ್ಯಾನೇಜರ್ ಬಂದಾಗ ಚಿಕ್ಕಳಿಯನೇ ಮುಂದಾಗಿ ಹೇಳಿದ. “ತಪ್ಪು ನಂದೇ ಸರ್. ಅಣ್ಣ ಇಲ್ದಿದ್ರೆ ಕಥೆ ಮುಗೀತಿತ್ತು.” ಮ್ಯಾನೇಜರ್ ದೊಡ್ಡಳಿಯನ ಬೆನ್ನು ತಟ್ಟಿ, ಇನ್ನು ಆ ಕುರ್ಚಿ ನಿಮ್ಮದೇ, ಎರಡು ಮಾತಿಲ್ಲ ಎಂದು ಹೋದರು.

ಇಬ್ಬರೇ ಉಳಿದಾಗ ಚಿಕ್ಕಳಿಯ ಮೆಲ್ಲಗೆ ಕೇಳಿದ. “ಮೊದಲ್ನೇ ಸಾಲಲ್ಲಿ ನಿಮ್ ಕಣ್ಣು ನಿಂತಿತ್ತಲ್ವಾ ಅಣ್ಣ? ಸುಸ್ತಾಗಿತ್ತೇನೋ.”

“ಹೂಂ. ಸ್ವಲ್ಪ.”

“ಇರ್ಲಿ ಬಿಡಿ. ಎಲ್ರಿಗೂ ಆಗತ್ತೆ.”

ಕೊರಳಪಟ್ಟಿ ಹಿಡಿದು ಕೇಳಿದ್ದರೆ ಜಗಳವಾಡಬಹುದಿತ್ತು. ಇದರಲ್ಲೂ ಇವನದೇ ಮೇಲುಗೈಯಾಯಿತಲ್ಲ ಎಂದು ದೊಡ್ಡಳಿಯನಿಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಫೋನು ಬಂತು. ಮಾವ. ಚಿಕ್ಕಳಿಯನೇ ಸುದ್ದಿ ಮುಟ್ಟಿಸಿದ್ದನಂತೆ. ಮನೆಯ ಮರ್ಯಾದೆ ಉಳಿಸಿದ್ದೀಯಪ್ಪ, ನಿನ್ನಂಥ ಅಳಿಯ ಯಾರಿಗೆ ಸಿಗುತ್ತಾನೆ ಎಂದು ಶುರುಮಾಡಿದರು. ಈ ಮಾತಿಗಾಗಿ ಎಷ್ಟು ವರ್ಷ ಬಾಯಿ ಬಾಯಿ ಬಿಟ್ಟಿದ್ದನೋ.

ಗಾಜಿನ ಬಾಗಿಲಾಚೆಗೆ ಹೋದ ಚಿಕ್ಕಳಿಯ, ಮತ್ತೆ ಇಳಿದು ಬಂದಿದ್ದ ಆ ನರ್ಸಿನೆದುರು ತಲೆ ತಗ್ಗಿಸಿ ನಿಂತಿದ್ದ. ಅವಳು ಕೈ ಬೀಸಿ ಬೀಸಿ ಬೈದಳು, ಸಾಕಾಗುವಷ್ಟು ಬೈದಳು. ಆಮೇಲೆ ಅವನ ತೋಳು ತಟ್ಟಿ ಮೆಟ್ಟಿಲು ಹತ್ತಿದಳು. ಅವನು ಹಗುರಾದವನಂತೆ ಒಂದು ದೀರ್ಘ ಉಸಿರು ಬಿಟ್ಟು, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಮಾವ ಇನ್ನೂ ಹೊಗಳುತ್ತಲೇ ಇದ್ದರು. ದೊಡ್ಡಳಿಯ ಫೋನನ್ನು ಕಿವಿಗೆ ಒತ್ತಿಕೊಂಡು ಅವನನ್ನೇ ನೋಡುತ್ತ ನಿಂತ.