ಸಂತಾಪ ಒಪ್ಪದ ಮನೆ

ಮಗನನ್ನು ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆಯೂ ಬಹೀಗಾ ಹಿಟ್ಟು ನಾದಿದಳು. ಉಂಡೆಗಳನ್ನು ಮಣ್ಣಿನ ಬಿಲ್ಲೆಗಳ ಮೇಲಿಟ್ಟು, ಉಬ್ಬಲೆಂದು ಮಾಳಿಗೆಯ ಬಿಸಿಲಿಗೆ ಜೋಡಿಸಿದಳು. ಕೆಳಗಿಳಿದು ಎಮ್ಮೆಯ ಹಾಲು ಕರೆದಳು, ಕೋಳಿಗಳಿಗೆ ಕಾಳು ಚೆಲ್ಲಿದಳು. ಪಕ್ಕದ ಮನೆಯ ಹೆಂಗಸು ಅವಳನ್ನು ನೋಡಿ ಏನೋ ಹೇಳಲು ಬಾಯಿ ತೆರೆದವಳು, ತಟ್ಟನೆ ಒಳಗೆ ಹೋದಳು. ಹೇಳುವಂತಿರಲಿಲ್ಲ. ಆ ಮನೆಯಲ್ಲಿ ಯಾರೂ ಸತ್ತಿಲ್ಲ ಎಂದು ಬಹೀಗಾಳ ಗಂಡ ತೀರಿಕೊಂಡ ಮೇಲೆ ಮನೆಗೆ ಹಿರಿಯನಾಗಿದ್ದ ಭಾವ ಸಿದ್ಹೋಮ್ ತೀರ್ಮಾನಿಸಿ ಆಗಿತ್ತು.

ಈಜಿಪ್ಟಿನ ಅಸ್ಯೂತ್ ಸೀಮೆಯ ಆ ಹಳ್ಳಿಯಲ್ಲಿ ಕೊಲೆಯಾದವನ ಮನೆಯವರು ಸಂತಾಪ ಸ್ವೀಕರಿಸುವುದಿಲ್ಲ. ಬೀದಿಗೆ ಬೆಂಚು ಹಾಕುವುದಿಲ್ಲ, ಅಳುವುದಿಲ್ಲ, ಮೂರನೆಯ ದಿನದ ಪ್ರಾರ್ಥನೆಗೆ ಪಾದ್ರಿಯನ್ನು ಕರೆಯುವುದಿಲ್ಲ. ಕೊಂದವನ ವಂಶದ ಒಬ್ಬ ಗಂಡಸು ಬಿದ್ದ ಮೇಲೆಯೇ ಸತ್ತವನು ಸತ್ತಂತೆ. ಮುಸಲ್ಮಾನರಲ್ಲೂ ಇದೇ, ಕ್ರೈಸ್ತರಲ್ಲೂ ಇದೇ. ಮಣಿಕಟ್ಟಿನ ಮೇಲೆ ಶಿಲುಬೆಯ ಹಚ್ಚೆ ಇದ್ದ ಮಾತ್ರಕ್ಕೆ ಕೈ ಬೇರೆ ಕೆಲಸ ಮಾಡುತ್ತದೆಂದೇನಿಲ್ಲ.

ಹಿರಿಯ ಮಗ ಹಬೀಬ್ ಸತ್ತದ್ದು ನೀರಿನ ಸರದಿಗಾಗಿ. ಕಾಲುವೆಯ ಪಂಪಿನ ಬಳಿ ಫಖ್ರಿ ಎಂಬವನೊಂದಿಗೆ ಮಾತಿಗೆ ಮಾತು ಬೆಳೆದು, ಫಖ್ರಿ ಗುದ್ದಲಿಯಿಂದ ತಲೆಗೆ ಹೊಡೆದ. ಮೊದಲು ಓಡಿಬಂದವನು ಫಖ್ರಿಯ ಚಿಕ್ಕಪ್ಪನ ಮಗ, ಔಷಧಿ ಅಂಗಡಿಯ ನಸೀಮ್. ಅವನು ತನ್ನ ಅಂಗಿ ಬಿಚ್ಚಿ ಗಾಯಕ್ಕೆ ಒತ್ತಿ ಹಿಡಿದು, ಆಸ್ಪತ್ರೆ ಮುಟ್ಟುವವರೆಗೂ ಹಬೀಬನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಫಖ್ರಿ ಈಗ ಪೊಲೀಸರ ವಶದಲ್ಲಿದ್ದ. ಸೇಡಿಗೆ ಸಿದ್ಹೋಮ್ ಆರಿಸಿದ್ದು ನಸೀಮನನ್ನು.

ಮೂರನೆಯ ದಿನ, ಕರೆಯದಿದ್ದರೂ, ಊರೆಲ್ಲ 'ಅಬೂನಾ' ಎಂದು ಕರೆಯುವ ಪಾದ್ರಿ ಎರ್ಮಿಯಾ ಧೂಪದಾನಿ ಹಿಡಿದು ಬಂದರು. ಸಿದ್ಹೋಮ್ ಹೊಸ್ತಿಲಲ್ಲೇ ಅವರ ಕೈಗೆ ಮುತ್ತಿಟ್ಟು, ಅಲ್ಲೇ ಅಡ್ಡ ನಿಂತ.

"ಧೂಪ ಒಳಗೆ ಬೇಡ ಅಬೂನಾ."

"ಮೂರನೇ ದಿನ ಸಿದ್ಹೋಮ್. ಸತ್ತವನಿಗೆ ಒಂದು ಪ್ರಾರ್ಥನೆ ಬೇಡ್ವೇನಪ್ಪಾ?"

"ಯಾರು ಸತ್ತಿದ್ದಾರೆ ಇಲ್ಲಿ?"

"ನಾನೇ ಅಲ್ವಾ ಗೋರಿಯ ಬಾಗಿಲು ಮುಚ್ಚಿಸಿ ಬಂದಿದ್ದು?"

"ಹಂಗಾದ್ರೆ ಪಕ್ಕದ್ದೊಂದು ತೆಗೆಸಿಡಿ. ಎರಡಕ್ಕೂ ಒಂದೇ ಸಲ ಧೂಪ ಹಾಕಿದ್ರೆ ನಿಮಗೂ ಓಡಾಟ ಉಳಿಯುತ್ತೆ."

ಪಾದ್ರಿ ನಗಲಿಲ್ಲ. "ಹೊಡೆದೋನು ಜೈಲಲ್ಲಿದ್ದಾನೆ. ನಸೀಮ್ ಏನು ಮಾಡಿದ?"

"ಏನೂ ಮಾಡಿಲ್ಲ. ಅವರ ಮನೇಲಿ ಓದಿದೋನು ಅವನೊಬ್ಬನೇ. ನಮ್ಮ ಹಬೀಬನಿಗೆ ಸಮನಾದ ತಲೆ ಅದೊಂದೇ. ಆ ಕುಡುಕ ಫಖ್ರಿದು ತಗೊಂಡು ನಾನೇನು ಮಾಡ್ಲಿ?"

"ತಲೆಗಳೇನು ಕಲ್ಲಂಗಡಿನಾ, ಆರಿಸಿ ತೂಕ ಹಾಕೋಕೆ? ದೇವರು ತನ್ನ ರೂಪದಲ್ಲಿ ಮಾಡಿದ ಮನುಷ್ಯ ಕಣಯ್ಯಾ ಅವನು. ನೀನೂ ಅಷ್ಟೆ. ನಾಳೆ ಅವರ ಮನೆಯವರು ಹಬೀಬನ ತಮ್ಮ ಬಿಸಾದನ್ನ ಆರಿಸ್ತಾರೆ. ಆಮೇಲೆ?"

"ಅಬೂನಾ, ನಿಮ್ಮ ಸುವಾರ್ತೆ ಚರ್ಚೊಳಗೆ ಬಹಳ ಚೆನ್ನಾಗಿದೆ. ನಾವು ಸಂತೆಗೆ ಹೋಗ್ಬೇಕು. ಅಲ್ಲಿ ನಮ್ಮನ್ನ ನೋಡಿ ಜನ ಮುಸುಮುಸು ನಗಬಾರದು. ನಡೀರಿ, ಬಿಸಿಲೇರ್ತಾ ಇದೆ."

ಪಾದ್ರಿ ತಿರುಗಿದರು. ಆದರೆ ಮನೆಗೆ ಹೋಗಲಿಲ್ಲ. ಬೀದಿಯ ಕೊನೆಯಲ್ಲಿ ಗೋಡೆಯ ನೆರಳಿಗೆ ನಿಂತರು.

ಒಳಗೆ ಕಿರಿಯ ಮಗ ಬಿಸಾದ ಮಂಚದ ಅಂಚಿನಲ್ಲಿ ಕೂತಿದ್ದ. ಚರ್ಚಿನ ಗಾಯಕರ ಸಾಲಿನಲ್ಲಿ ನಸೀಮ್ ಹಾಡಿದರೆ ಪಕ್ಕದಲ್ಲಿ ತಾಳ ಹಾಕುತ್ತಿದ್ದವನು ಅವನೇ. ಸಿದ್ಹೋಮ್ ಗೋಣಿಯಿಂದ ಬಂದೂಕು ತೆಗೆದು ಬಹೀಗಾಳ ಮುಂದೆ ಚಾಚಿದ.

"ತಗೋ. ನಿನ್ನ ಕೈಯಾರೆ ಮಗನಿಗೆ ಕೊಡು. ತಾಯಿ ಕೊಟ್ರೇನೇ ಅದಕ್ಕೆ ಬೆಲೆ."

ಬಿಸಾದ ತಲೆ ಎತ್ತಲಿಲ್ಲ. "ಕೊಟ್ಬಿಡಮ್ಮಾ," ಎಂದ. "ಕೊಡದಿದ್ರೂ ನಾನು ಹೋಗ್ಲೇಬೇಕು. ಹೋಗದಿದ್ರೆ ಹೆಂಗಸರ ಮುಸುಕು ಹಾಕ್ಕೊಂಡು ಓಡಾಡು ಅಂತಾರೆ."

"ಯಾರಂತಾರೆ?"

"ಎಲ್ಲರೂ."

"ಆ ಎಲ್ಲರೂ ನಿನ್ನ ಹೆಣ ಹೊರೋಕೆ ಬರ್ತಾರೇನೋ?" ಎಂದಳು ಬಹೀಗಾ. ಮೂರು ದಿನಗಳಲ್ಲಿ ಅವಳು ಆಡಿದ ಮೊದಲ ದೊಡ್ಡ ಮಾತು ಅದು. "ಭಾವ, ನನ್ನ ಮಗನ ತಲೆ ಕೊನೇಲಿ ಇದ್ದಿದ್ದು ನಸೀಮನ ತೊಡೆ ಮೇಲೆ. ನಾನಿರಲಿಲ್ಲ, ನೀವಿರಲಿಲ್ಲ. ಅವನಿದ್ದ. ನನ್ನ ಹಬೀಬ ಸತ್ತಿದ್ದಾನೆ. ಸತ್ತಿದ್ದಾನೆ ಅಂತ ಹೇಳೋಕೂ ಇನ್ನೊಬ್ಬಳ ಮಗನ್ನ ಕೊಂದು ಅಪ್ಪಣೆ ತಗೋಬೇಕಾ ನಾನು?"

"ಬಾಯಿ ಮುಚ್ಚು. ಹೆಂಗಸರ ಮಾತಲ್ಲ ಇದು."

"ಕೈಯಾರೆ ಕೊಡು ಅನ್ನೋವಾಗ ಹೆಂಗಸು ಬೇಕಿತ್ತು."

ಅವಳು ಬಂದೂಕು ಮುಟ್ಟಲಿಲ್ಲ. ಪಡಸಾಲೆಯ ಮರದ ಬೆಂಚನ್ನು ಹಿಡಿದೆಳೆದಳು. ಅದು ನೆಲ ಕೆರೆಯುತ್ತಾ ಹೊಸ್ತಿಲು ದಾಟಿತು. ಗೋಡೆಗೆ ಆನಿಸಿ ಬೆಂಚು ಹಾಕಿ, ಬೀದಿಗೆ ಮುಖ ಮಾಡಿ ಕೂತಳು. ಗಂಡಸರು ಕೂತು ಸಂತಾಪ ಸ್ವೀಕರಿಸುವ ಜಾಗ ಅದು. ಹೆಂಗಸು ಅಲ್ಲಿ ಕೂತದ್ದನ್ನು ಆ ಬೀದಿ ಕಂಡಿರಲಿಲ್ಲ.

ಎದುರು ಮನೆಯ ಬಾಗಿಲು ಮುಚ್ಚಿಕೊಂಡಿತು. ಅದರಾಚೆಯದೂ ಮುಚ್ಚಿತು. ಕತ್ತೆಗಾಡಿಯವನೊಬ್ಬ ಬೆಂಚನ್ನು ನೋಡಿ ಗಾಡಿ ತಿರುಗಿಸಿದ. ಸಿದ್ಹೋಮನ ಕೋಪಕ್ಕೆ ಹೆದರದವರು ಊರಲ್ಲಿ ಕಡಿಮೆ. ಬಿಸಿಲು ಅವಳ ಮೊಣಕಾಲಿಗೆ ಬಂತು. ಒಳಗೆ ಸಿದ್ಹೋಮ್ ನಗುತ್ತಿದ್ದ: "ಕೂತಿರು, ಕೂತಿರು. ನೊಣ ಬರುತ್ತೆ ಸಂತಾಪ ಹೇಳೋಕೆ."

ಬಂದವನು ನಸೀಮ್.

ಬೆಂಚು ಹಾಕಿದ್ದು ಅಂಗಡಿಯಿಂದ ಕಂಡಿತ್ತು. ಬಿಳಿ ಕೋಟು ತೆಗೆದಿಟ್ಟು, ಎರಡೂ ಕೈ ಕಾಣುವಂತೆ ಇಳಿಬಿಟ್ಟು, ಬೀದಿಯ ನಡುವೆ ನಡೆದು ಬಂದ. ಪಾದ್ರಿ ಗೋಡೆ ಬಿಟ್ಟು ಅವನ ಹಿಂದೆ ಹೊರಟರು.

"ಬಿಸಾದ!" ಸಿದ್ಹೋಮ್ ಕೂಗಿದ. "ತಾನಾಗೇ ಬಂದಿದ್ದಾನೆ. ಏಳೋ!"

ಬಿಸಾದ ಬಾಗಿಲಿಗೆ ಬಂದ. ಅವನ ಕೈಗಳು ಬರಿದಾಗಿದ್ದವು. ಆದರೆ ಬಂದೂಕು ಅವನ ಬೆನ್ನ ಹಿಂದೆ, ದೊಡ್ಡಪ್ಪನ ಕೈಯಲ್ಲಿ, ಒಂದು ಮಾರು ದೂರದಲ್ಲಿತ್ತು.

ನಸೀಮ್ ಬೆಂಚಿನ ಮುಂದೆ ನಿಂತ. ಸಾವಿನ ಮನೆಯಲ್ಲಿ ಎಲ್ಲರೂ ಹೇಳುವ ಮಾತನ್ನೇ ಹೇಳಿದ, ಬಿಸಾದನ ಮುಖ ನೋಡಿಕೊಂಡು: "ಅವನು ಬಾಳದೆ ಬಿಟ್ಟ ಆಯುಸ್ಸು ನಿನಗೆ ಸೇರಲಿ."

ಇದಕ್ಕೆ ಉತ್ತರ ಕೊಡಬೇಕಾದವನು ಮನೆಯ ಗಂಡಸು. ಕೊಟ್ಟರೆ ಸಾವನ್ನು ಒಪ್ಪಿದಂತೆ, ಸೇಡನ್ನು ಬಿಟ್ಟಂತೆ. ಮುಚ್ಚಿದ ಬಾಗಿಲುಗಳ ಹಿಂದೆ ಊರೆಲ್ಲ ಕಿವಿಯಾಗಿತ್ತು. ಬಹೀಗಾ ಮಗನತ್ತ ತಿರುಗಲಿಲ್ಲ. ತಿರುಗಿದರೆ ಬೇಡಿಕೊಂಡಂತಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ನಿನಗೂ..." ಎಂದ ಬಿಸಾದ. ಧ್ವನಿ ಒಡೆಯಿತು. ಮತ್ತೆ ಹೇಳಿದ: "ನಿನಗೂ ಸೇರಲಿ, ನಸೀಮ್."

ಸಿದ್ಹೋಮ್ ಅವನನ್ನು ಭುಜದಿಂದ ತಳ್ಳಿ ಹೊರಗೆ ಬಂದ. "ಇವತ್ತಿಂದ ನನಗೆ ತಮ್ಮನ ಮನೆ ಇಲ್ಲ," ಎಂದು ನೆಲಕ್ಕೆ ಉಗಿದು ನಡೆದ. ಬಂದೂಕನ್ನು ಬಿಟ್ಟು ಹೋಗಲಿಲ್ಲ. ಕಬ್ಬಿನ ಗದ್ದೆಯ ಕಡೆ ತಿರುಗುವವರೆಗೂ ಅದು ಅವನ ಕಂಕುಳಲ್ಲಿ ಕಾಣುತ್ತಿತ್ತು.

ಬಹೀಗಾ ಅದನ್ನು ನೋಡಿದಳು. ನಸೀಮನ ತೋಳು ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. "ಈಗಲೇ ಹೋಗ್ಬೇಡಪ್ಪಾ. ಇಲ್ಲೇ ಇರು," ಎಂದಳು. ಬಿಸಾದ ಒಂದು ಗಳಿಗೆ ಗದ್ದೆಯ ಕಡೆ ನೋಡಿದ. ಆಮೇಲೆ ಬಂದು, ಗದ್ದೆಗೆ ನಸೀಮ್ ಕಾಣದಂತೆ, ಅವನ ಇನ್ನೊಂದು ಪಕ್ಕದಲ್ಲಿ ಕೂತ.