ನೀಲಿ ಚೌಕಟ್ಟು

ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಪ್ಪ ಹೇಳುವುದು ಸುಳ್ಳಲ್ಲ. ಮನೆಯಲ್ಲೇ ಕೂತು ಅವರಿವರಿಗೆ ವೆಬ್‌ಸೈಟ್ ಮಾಡಿಕೊಡುವ ಕೆಲಸ ನನ್ನದು. ಕಣ್ಣು ಕಾಣದವರೂ ಕೈ ಓಡದವರೂ ಬಳಸುವ ಹಾಗೆ ಮಾಡಲು ನಿಯಮಗಳಿವೆ. ಅವನ್ನು ಬಿಟ್ಟು ಒಂದು ಪುಟವನ್ನೂ ಮಾಡುವವಳಲ್ಲ ನಾನು. "ಅಷ್ಟೆಲ್ಲ ಯಾರು ನೋಡ್ತಾರೆ ಬಿಡಿ" ಎಂದ ಗಿರಾಕಿಗಳ ಜೊತೆ ಜಗಳವಾಡಿ ಎರಡು ಕೆಲಸ ಕಳೆದುಕೊಂಡಿದ್ದೇನೆ. ಹೋದರೆ ಹೋಗಲಿ!

ಅಪ್ಪ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವನು. ಈಗ ಎರಡೂ ಕೈ ನಡುಗುತ್ತವೆ. ಮೌಸ್ ಹಿಡಿದರೆ ಬಾಣ ಪರದೆಯ ತುಂಬಾ ಓಡಾಡುತ್ತದೆ, ಅದಕ್ಕೇ ಅವನದು ಬರೀ ಕೀಬೋರ್ಡ್. ಟ್ಯಾಬ್ ಕೀಲಿ ಒತ್ತಿದರೆ ಒಂದು ನೀಲಿ ಚೌಕಟ್ಟು ಖಾನೆಯಿಂದ ಖಾನೆಗೆ ಹೋಗುತ್ತದೆ. ಅದು ಎಲ್ಲಿದೆಯೋ ಅಲ್ಲಿ ತಾನಿದ್ದೇನೆ ಎಂದು ಅವನಿಗೆ ತಿಳಿಯುತ್ತದೆ. ನಾನು ಮಾಡಿದ ಪ್ರತಿ ಪುಟವನ್ನೂ ಮೊದಲು ಪರೀಕ್ಷಿಸುವವನು ಅವನೇ. ಬಾಯಿ ಬಿಟ್ಟರೆ ತಕರಾರು. "ಈ ಬಟನ್ ಯಾವ ಮೂಲೇಲಿ ಬಚ್ಚಿಟ್ಟಿದೀಯೇ ಪುಟ್ಟಿ?"

ಹೋದ ತಿಂಗಳು ನಮ್ಮ ಬಡಾವಣೆಯ ಕಲಿಕಾ ಕೇಂದ್ರಕ್ಕೆ ಸೈಟ್ ಮಾಡಿದೆ. ಅಪ್ಪ ಎಲ್ಲ ನೋಡಿ "ಪರವಾಗಿಲ್ಲ" ಎಂದ. ಅವನ ಬಾಯಲ್ಲಿ ಅದು ಬಂದರೆ ಪದಕ ಸಿಕ್ಕ ಹಾಗೆ. 'ಗಡಿಯಾರ ರಿಪೇರಿ ಕಲಿಸುವವರು ಬೇಕಾಗಿದ್ದಾರೆ' ಎಂಬ ಪುಟದ ಮುಂದೆ ಮಾತ್ರ ತುಂಬ ಹೊತ್ತು ಕೂತಿದ್ದ.

ನಿನ್ನೆ ಮಧ್ಯಾಹ್ನ ಎರಡು ಲೋಟ ಚಹಾ ಹಿಡಿದು ಅವನ ಕೋಣೆಗೆ ಹೋದರೆ, ಕಂಪ್ಯೂಟರ್ ಕಡೆ ಬೆನ್ನು ಮಾಡಿ ಕೂತಿದ್ದ.

"ಏನಪ್ಪಾ ಆಯ್ತು?"

"ಏನಿಲ್ಲ. ಆ ಗಡಿಯಾರದ ಕ್ಲಾಸಿಗೆ ಅರ್ಜಿ ಹಾಕೋಣ ಅಂತಿದ್ದೆ. ಇವತ್ತು ಐದು ಗಂಟೆಗೆ ಕೊನೆ. ಬೆಳಗ್ಗೆಯಿಂದ ಒಂದೇ ಬೆರಳಲ್ಲಿ ಬರೆದೆ. ಕಳಿಸೋಕೆ ಹೋದ್ರೆ ರದ್ದಾಗಿ ಎಲ್ಲ ಅಳಿಸಿ ಹೋಯ್ತು. ಎರಡು ಸಲ."

"ನನ್ನ ಕರೀಬಾರ್ದಿತ್ತಾ?"

"ನಾನೇ ಮಾಡ್ಬೇಕು ಅಂತಿತ್ತು ಕಣೇ. ಹೋದ ತಿಂಗಳು ಇದೇ ಪುಟ ನೀರು ಕುಡಿದ ಹಾಗೆ ಮುಗಿಸಿದ್ದೆ. ಕೈ ಇನ್ನೂ ಕೆಟ್ಟಿದೆ ಅಂತಾಯ್ತು. ಅರ್ಜಿ ತುಂಬೋಕಾಗದವನು ಗಡಿಯಾರ ಏನು ಕಲಿಸ್ತಾನೆ, ಬಿಡು."

ಅಪ್ಪ ಹೀಗೆ ಸೋತು ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಬಗ್ಗಿ ಟ್ಯಾಬ್ ಒತ್ತಿದೆ. ಇನ್ನೊಮ್ಮೆ ಒತ್ತಿದೆ. ನೀಲಿ ಚೌಕಟ್ಟು ಇರಲಿಲ್ಲ. 'ಸಲ್ಲಿಸಿ' ಮತ್ತು 'ರದ್ದು ಮಾಡಿ' ಪಕ್ಕಪಕ್ಕದಲ್ಲಿದ್ದವು. ತಾನು ಯಾವುದರ ಮೇಲಿದ್ದೇನೆ ಎಂದು ತಿಳಿಯಲು ಏನೂ ಇರಲಿಲ್ಲ.

ಆಗ ನೆನಪಾಯಿತು. ಅಪ್ಪ ಪರೀಕ್ಷಿಸಿದ ಮೇಲೆ, ಸೈಟ್ ತೋರಿಸುವ ದಿನ ಕೇಂದ್ರದ ಮೇಡಂ ಕೈಮುಗಿದು ಕೇಳಿದ್ದರು: "ಸಮಿತಿಯವರು ಬರ್ತಿದಾರೆ, ಆ ನೀಲಿ ಗೆರೆ ಚೆನ್ನಾಗಿ ಕಾಣಲ್ಲ, ಒಂದೇ ಒಂದು ಗಂಟೆ ಕಾಣಿಸದ ಹಾಗೆ ಮಾಡಿ." ಜೀವಮಾನದಲ್ಲಿ ಮೊದಲ ಸಲ ಜಗಳವಾಡದೆ ಒಪ್ಪಿಕೊಂಡೆ. ಕೋಡಿನಲ್ಲಿ ಒಂದು ಸಾಲು ಸೇರಿಸಿ ಅದನ್ನು ಮರೆಮಾಡಿದೆ. ವಾಪಸ್ ತೆಗೆಯುವುದನ್ನು ಮರೆತೇಬಿಟ್ಟೆ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ!

ಕಂಪ್ಯೂಟರ್ ಕೆಟ್ಟಿತ್ತು ಎಂದುಬಿಡೋಣ ಅನ್ನಿಸಿದ್ದು ಸುಳ್ಳಲ್ಲ. ಅಪ್ಪ ತನ್ನ ಕೈಗಳನ್ನು ಮಡಿಲಲ್ಲಿ ಒಂದರೊಳಗೊಂದು ಅದುಮಿಟ್ಟುಕೊಂಡಿದ್ದ. ನನ್ನಿಂದಾಗಲಿಲ್ಲ.

"ಅಪ್ಪಾ, ತಪ್ಪು ನಂದು. ಚೌಕಟ್ಟು ತೆಗೆದವಳು ನಾನೇ. ಆ ಮೇಡಂ ಕೇಳಿದ್ರು ಅಂತ ತೆಗೆದೆ, ಆಮೇಲೆ ಹಾಕೋದು ಮರೆತೆ."

ಅವನು ತಿರುಗಿದ. "ಏನಂದೆ? ನಲವತ್ತು ವರ್ಷದಲ್ಲಿ ಒಂದು ಗಡಿಯಾರಾನೂ ಮುಳ್ಳಿಲ್ಲದೆ ವಾಪಸ್ ಕೊಟ್ಟವನಲ್ಲ ನಾನು! ನೀನು ಊರಿಗೆಲ್ಲ ಬುದ್ಧಿ ಹೇಳ್ಕೊಂಡು..."

"ಬೈಯಿ. ಎಷ್ಟು ಬೇಕಾದ್ರೂ ಬೈಯಿ."

ಅವನು ಬೈಯಲಿಲ್ಲ. ಮಡಿಲಿನ ಕೈಗಳನ್ನು ನೋಡುತ್ತಾ ಬಹಳ ಮೆಲ್ಲಗೆ ಕೇಳಿದ.

"ಹಾಗಾದ್ರೆ ನನ್ನ ಕೈ ಅಲ್ವಾ?"

"ಅಲ್ಲಪ್ಪಾ. ನಿನ್ನ ಕೈ ಹೇಗಿತ್ತೋ ಹಾಗೇ ಇದೆ."

ನನ್ನ ಮೇಜಿಗೆ ಓಡಿ ಆ ಸಾಲು ಅಳಿಸಿದೆ. ಪುಟ ಮತ್ತೆ ತೆರೆದುಕೊಟ್ಟಾಗ ಮೂರೂವರೆ ಆಗಿತ್ತು. "ನೀನು ಹೇಳು, ನಾನು ಬರೀತೀನಿ" ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ತುಟಿ ಕಚ್ಚಿಕೊಂಡು ಸ್ಟೂಲ್ ಎಳೆದು ಪಕ್ಕದಲ್ಲಿ ಕೂತೆ.

ಅಪ್ಪ ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ತಪ್ಪಿದಾಗ ಅಳಿಸಿ, ಮತ್ತೆ ಒತ್ತಿದ. ನನ್ನ ಚಹಾವನ್ನೂ ಅವನೇ ಕುಡಿದ. ಐದಕ್ಕೆ ಹತ್ತು ನಿಮಿಷವಿದ್ದಾಗ ಕೊನೆಯ ಎರಡು ಖಾನೆಗಳು ಉಳಿದವು. 'ನಿಮಗೆ ಸಹಾಯಕರು ಇದ್ದಾರೆಯೇ?' ಎಂಬಲ್ಲಿ ನನ್ನನ್ನು ಒಂದು ಮಾತೂ ಕೇಳದೆ 'ಮಗಳು' ಎಂದು ಬರೆದ.

"ಅಪ್ಪಾ, ನಂಗೆ ಗಡಿಯಾರದ ಗಂಧಗಾಳಿನೂ ಗೊತ್ತಿಲ್ಲ!"

"ಸುಮ್ನಿರೇ, ಟೈಮಾಗ್ತಿದೆ."

'ಸಹಾಯಕರ ಅರ್ಹತೆ' ಎಂಬ ಖಾನೆಯಲ್ಲಿ ಅವನು ಬರೆದದ್ದನ್ನು ನಾನು ಅಕ್ಷರ ಅಕ್ಷರವಾಗಿ ಓದುತ್ತಾ ಹೋದೆ: 'ತಪ್ಪು ಮಾಡಿದರೆ ಒಪ್ಪಿಕೊಳ್ಳುತ್ತಾಳೆ.' ಆಮೇಲೆ ಒಮ್ಮೆ ಟ್ಯಾಬ್ ಒತ್ತಿ, ಕಣ್ಣಿಟ್ಟು ನೋಡಿ, ಕಳಿಸಿಬಿಟ್ಟ.